ಲೀನ್ ಉತ್ಪಾದನೆ, ಟೊಯೋಟಾ ಮತ್ತು ಪೀಣ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ನಾನು ಕೆಲಸ ಕಲಿತೆ. ಮೊದಲು ಲೇತ್ ಮೇಲೆ ನಿಂತೆ, ಆಮೇಲೆ ತಪಾಸಣೆಯ ಮೇಜಿಗೆ ಬಂದೆ. ಈಗ ಯಾರಾದರೂ ಕರೆದರೆ ಅವರ ಕಾರ್ಖಾನೆಗೆ ಹೋಗಿ, ಕೆಲಸ ಎಲ್ಲಿ ತಡೆಯುತ್ತಿದೆ ಎಂದು ನೋಡಿ ಹೇಳುತ್ತೇನೆ. ಹೋದಲ್ಲೆಲ್ಲ ಟೊಯೋಟಾ ಪದ್ಧತಿಯ ಮಾತು ಬರುತ್ತದೆ. ವ್ಯರ್ಥವನ್ನು ಕಳೆಯುತ್ತ ಕೆಲಸ ತಡೆಯಿಲ್ಲದೆ ಸಾಗುವಂತೆ ಮಾಡುವ ಈ ಕ್ರಮಕ್ಕೇ ಈಗ ಲೀನ್ ಎನ್ನುತ್ತಾರೆ. ಮಾಲೀಕರು ಚಹಾ ಕುಡಿಯುತ್ತ ಕೇಳುತ್ತಾರೆ, ಸೂಪರ್‌ವೈಸರುಗಳು ನೋಟ್‌ಬುಕ್ ಹಿಡಿದು ಕೇಳುತ್ತಾರೆ, ಯಂತ್ರದ ಮುಂದೆ ದುಡಿಯುವವರು ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳುತ್ತಾರೆ. ಮೂವರ ಪ್ರಶ್ನೆಗಳೂ ಇಲ್ಲಿವೆ.

ಲೀನ್ ಎಂದರೆ ಆಳುಗಳನ್ನು ಕಡಿಮೆ ಮಾಡುವುದು ತಾನೇ?

ಅಲ್ಲ. ಈ ತಪ್ಪು ತಿಳಿವಳಿಕೆಗೆ ಆ ಹೆಸರೂ ಸ್ವಲ್ಪ ಕಾರಣ. ಟೊಯೋಟಾದವರು ತಮ್ಮದನ್ನು ಟೊಯೋಟಾ ಉತ್ಪಾದನಾ ಪದ್ಧತಿ ಎಂದಷ್ಟೇ ಕರೆಯುತ್ತಿದ್ದರು. ಲೀನ್ ಎಂಬ ಪದವನ್ನು 1988ರಲ್ಲಿ ಮೊದಲು ಬಳಸಿದವರು ಜಾನ್ ಕ್ರಾಫ್ಸಿಕ್. ಅಮೆರಿಕದ ಎಂಐಟಿಯಲ್ಲಿ ಅವರು ಬೇರೆ ಬೇರೆ ದೇಶಗಳ ಕಾರು ಕಾರ್ಖಾನೆಗಳನ್ನು ಹೋಲಿಸಿ ನೋಡುತ್ತಿದ್ದರು. ಬೇಡದ ಕೊಬ್ಬು ಇಲ್ಲದ ಮೈ ಎಂಬುದು ಆ ಪದದ ಇಂಗಿತ. ಗರಡಿಯಲ್ಲಿ ಸಾಮು ಮಾಡಿದ ಮೈಯನ್ನು ನೆನೆಸಿಕೊಳ್ಳಿ, ಉಪವಾಸ ಬಿದ್ದು ಸೊರಗಿದ ಮೈಯನ್ನಲ್ಲ.

ಈ ಪದ್ಧತಿಯನ್ನು ಕಟ್ಟಿದ ತೈಯಿಚಿ ಓನೋ ಅವರ ಲೆಕ್ಕ ಸರಳವಾಗಿತ್ತು. ಗಿರಾಕಿ ಆರ್ಡರ್ ಕೊಟ್ಟ ಗಳಿಗೆಯಿಂದ ಹಣ ಕೈಸೇರುವ ಗಳಿಗೆಯವರೆಗೆ ಎಷ್ಟು ಕಾಲ ಹಿಡಿಯುತ್ತದೆ? ಅದರಲ್ಲಿ ವ್ಯರ್ಥವಾಗುವುದನ್ನು ತೆಗೆಯುತ್ತ ಹೋಗಿ. ನಾನು ಒಂದು ಶೆಡ್ಡಿನಲ್ಲಿ ಒಂದೇ ಒಂದು ಬುಷ್‌ನ (ಕೊಳವೆಯಂಥ ಸಣ್ಣ ಲೋಹದ ಬಿಡಿಭಾಗ) ಬೆನ್ನು ಹತ್ತಿ ಹೋಗಿದ್ದೆ. ಕಚ್ಚಾ ಸರಳು ಗೇಟಿನೊಳಗೆ ಬಂದ ದಿನದಿಂದ ತಯಾರಾದ ಬುಷ್ ಟೆಂಪೋ ಹತ್ತುವವರೆಗೆ 19 ದಿನ. ಅದರಲ್ಲಿ ಉಳಿ ಲೋಹವನ್ನು ಮುಟ್ಟಿದ್ದು ಎಲ್ಲ ಸೇರಿ 11 ನಿಮಿಷ. ಉಳಿದ ಕಾಲವೆಲ್ಲ ಬಿನ್ನಿನಲ್ಲಿ, ಅಂದರೆ ಪೀಸ್ ತುಂಬಿಡುವ ಡಬ್ಬದಲ್ಲಿ, ಕುಳಿತಿತ್ತು, ಪ್ಲೇಟಿಂಗ್‌ಗೆ ಹೋಗಿ ಬರಲು ಕಾದಿತ್ತು, ತಪಾಸಣೆಯವನ ಸರದಿಗೆ ಕಾದಿತ್ತು. ಇಬ್ಬರು ಆಳುಗಳನ್ನು ಬಿಡಿಸಿದರೆ ಆ 19 ದಿನ ಒಂದು ದಿನವೂ ಇಳಿಯುವುದಿಲ್ಲ. ಬಿಡಿಸಿದ ಸುದ್ದಿ ಹರಡಿದ ಮೇಲೆ ಯಾರೂ ನಿಮಗೆ ಒಂದು ಸುಧಾರಣೆಯನ್ನೂ ಹೇಳಿಕೊಡುವುದಿಲ್ಲ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವವರು ಯಾರಿದ್ದಾರೆ?

ಕಾರಿನ ಕಂಪನಿಗೆ ಇಂಥ ಯೋಚನೆ ಬಂದದ್ದು ಎಲ್ಲಿಂದ?

ಮಗ್ಗದಿಂದ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ನಾನು ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹಾಸಿನ ಒಂದು ಎಳೆ ಕಡಿದದ್ದು ಕಣ್ಣಿಗೆ ಬೀಳದೆ ಮಗ್ಗ ಓಡುತ್ತಲೇ ಇದ್ದರೆ ಬಟ್ಟೆ ಉದ್ದಕ್ಕೂ ದೋಷ ಹಾಯುತ್ತದೆ. ಆದ್ದರಿಂದ ಯಾರಾದರೂ ಮಗ್ಗವನ್ನೇ ದಿಟ್ಟಿಸುತ್ತ ನಿಂತಿರಬೇಕು. ಸಕಿಚಿ ಟೊಯೋಡಾ ಎಂಬ ಜಪಾನಿನ ಬಡಗಿಯ ಮಗ, ಎಳೆ ಕಡಿದ ಕ್ಷಣವೇ ತಾನಾಗಿ ನಿಲ್ಲುವ ಮಗ್ಗ ಮಾಡಿದರು. 1924ರ ಜಿ ಮಾದರಿಯ ಮಗ್ಗ ಓಡುತ್ತಿರುವಾಗಲೇ ಲಾಳಿಯನ್ನೂ ಬದಲಿಸಿಕೊಳ್ಳುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಅದರ ಪೇಟೆಂಟ್ ಹಕ್ಕು ಕೊಂಡಿತು. ಸಕಿಚಿಯವರ ಮಗ ಕಿಯಿಚಿರೋ 1937ರಲ್ಲಿ ಕಾರು ಕಂಪನಿ ಸ್ಥಾಪಿಸಿದರು.

ತಪ್ಪು ಕಂಡರೆ ನಿಲ್ಲುವ ಯಂತ್ರ ಎಂಬ ಈ ಗುಣಕ್ಕೆ ಜಪಾನಿನಲ್ಲಿ ಜಿಡೋಕಾ ಎನ್ನುತ್ತಾರೆ. ಪದ್ಧತಿಯ ಎರಡು ಕಂಬಗಳಲ್ಲಿ ಇದು ಒಂದು. ಇನ್ನೊಂದು ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟೇ ಮಾಡುವುದು, ಅಂದರೆ ಜಸ್ಟ್ ಇನ್ ಟೈಂ. ನಮ್ಮಲ್ಲಿ ಎಲ್ಲರೂ ಎರಡನೆಯದನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಮೊದಲನೆಯದಿಲ್ಲದೆ ಎರಡನೆಯದು ನಿಲ್ಲುವುದಿಲ್ಲ. ಈ ಪುಟದಲ್ಲಿ ನಾನು ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಬಡತನವೂ ಒಂದು ಕಾರಣ. 1950ರಲ್ಲಿ ಟೊಯೋಟಾ ದಿವಾಳಿಯ ಅಂಚಿಗೆ ಬಂದಿತ್ತು. ಕೆಲಸಗಾರರನ್ನು ತೆಗೆಯಬೇಕಾಯಿತು, ಮುಷ್ಕರ ನಡೆಯಿತು, ಕಿಯಿಚಿರೋ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಫೋರ್ಡ್ ಕಂಪನಿಯಂತೆ ಒಂದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡಿ ರಾಶಿ ಹಾಕಲು ಅವರ ಬಳಿ ಹಣವೂ ಇರಲಿಲ್ಲ, ಅಷ್ಟು ದೊಡ್ಡ ಮಾರುಕಟ್ಟೆಯೂ ಇರಲಿಲ್ಲ. ಕಡಿಮೆ ಹಣದಲ್ಲಿ, ಸಣ್ಣ ಸಂಖ್ಯೆಯಲ್ಲಿ, ಹಲವು ಬಗೆ ಮಾಡುವುದು ಅವರಿಗೆ ಅನಿವಾರ್ಯವಾಗಿತ್ತು. ಪೀಣ್ಯದ ಯಾವ ಶೆಡ್ಡಿನ ಪರಿಸ್ಥಿತಿ ಇದಕ್ಕಿಂತ ಬೇರೆ ಇದೆ? ಇದು ದೊಡ್ಡ ಕಂಪನಿಗಳ ವಿದ್ಯೆ, ನಮಗಲ್ಲ ಎನ್ನುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಕಾನ್‌ಬಾನ್ ಎಂದರೇನು? ಸುಲಭವಾಗಿ ಹೇಳಿ.

ಬೆಂಗಳೂರಿನ ಯಾವ ದರ್ಶಿನಿಗೆ ಬೇಕಾದರೂ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ, ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಕ್ಯಾಷ್ ಕೌಂಟರಿನಲ್ಲಿ ಕೊಟ್ಟ ಟೋಕನ್ ದೋಸೆ ಕಾವಲಿಯ ಮುಂದೆ ಬಂದು ಬೀಳುತ್ತದೆ. ಟೋಕನ್ ಬಂದಷ್ಟೇ ದೋಸೆ ಹುಯ್ಯುತ್ತಾರೆ. ಯಾರೂ ಕೇಳದೆ ಐವತ್ತು ದೋಸೆ ಹುಯ್ದು ಪೇರಿಸಿಡುವುದಿಲ್ಲ, ಪೇರಿಸಿದರೆ ಮೆತ್ತಗಾಗುತ್ತವೆ. ಆ ಟೋಕನ್ನೇ ಕಾನ್‌ಬಾನ್. ವಡೆಯ ಕ್ರಮ ಸ್ವಲ್ಪ ಬೇರೆ. ತಟ್ಟೆಯಲ್ಲಿ ಇಷ್ಟು ವಡೆ ಇರಬೇಕು, ಅದು ಇಳಿಯುತ್ತ ಬಂದರೆ ಒಳಗೆ ಎಣ್ಣೆಗೆ ಮತ್ತೊಂದು ಸರದಿ ಬಿಡಬೇಕು. ಖಾಲಿಯಾದ ಜಾಗವೇ ಅಲ್ಲಿ ಆರ್ಡರ್. ಓನೋ ಅವರು ಇದೇ ತರ್ಕವನ್ನು ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಕಂಡರು. ಗಿರಾಕಿ ಎತ್ತಿಕೊಂಡಷ್ಟನ್ನೇ ಅಂಗಡಿಯವನು ಮತ್ತೆ ಜೋಡಿಸುತ್ತಾನೆ. ಕಾರ್ಖಾನೆಯಲ್ಲಿ ಮುಂದಿನ ವಿಭಾಗವೇ ಗಿರಾಕಿ, ಹಿಂದಿನದು ಅಂಗಡಿ. ಟೋಕನ್ನಿನ ಜಾಗದಲ್ಲಿ ಅಲ್ಲಿ ಒಂದೊಂದು ಬಿನ್ನಿಗೆ ಒಂದೊಂದು ಕಾರ್ಡು.

ನಮ್ಮ ಶೆಡ್ಡಿಗೆ ಎಷ್ಟು ಕಾರ್ಡು ಬೇಕು?

ದಿನದ ಬೇಡಿಕೆಯನ್ನು, ಖಾಲಿಯಾದ ಬಿನ್ ಮತ್ತೆ ತುಂಬಿ ಬರಲು ಹಿಡಿಯುವ ದಿನಗಳಿಂದ ಗುಣಿಸಿ. ಏರುಪೇರಿಗೆಂದು ಸ್ವಲ್ಪ ಸೇರಿಸಿ. ಒಂದು ಬಿನ್ನಿನಲ್ಲಿ ಹಿಡಿಯುವ ಸಂಖ್ಯೆಯಿಂದ ಭಾಗಿಸಿ. ದಿನಕ್ಕೆ 400 ಪೀಸ್, ತುಂಬಿ ಬರಲು ಒಂದೂವರೆ ದಿನ ಎಂದರೆ 600. ಶೇಕಡಾ 20 ಸೇರಿಸಿದರೆ 720. ಬಿನ್ನಿಗೆ 50 ಪೀಸ್ ಆದರೆ 14.4, ಅಂದರೆ 15 ಕಾರ್ಡು. ಲೆಕ್ಕ ಇಷ್ಟೇ. ಆಮೇಲೆ ತಿಂಗಳಿಗೊಂದು ಕಾರ್ಡನ್ನು ಹಿಂತೆಗೆಯಿರಿ. ಎಲ್ಲೋ ಒಂದು ಕಡೆ ಕೆಲಸ ಸಿಕ್ಕಿಕೊಳ್ಳುತ್ತದೆ. ಕೆರೆಯ ನೀರು ಇಳಿದಾಗ ಬಂಡೆ ಕಾಣುವ ಹಾಗೆ, ಅಲ್ಲೊಂದು ಯಂತ್ರ ಪದೇ ಪದೇ ಕೆಡುತ್ತಿರುವುದೋ, ಅಳತೆ ನೋಡುವ ಒಂದು ಗೇಜ್ ಸವೆದಿರುವುದೋ ಹೊರಬರುತ್ತದೆ. ಅದನ್ನು ಸರಿಪಡಿಸಿ, ಆಮೇಲೆ ಇನ್ನೊಂದು ಕಾರ್ಡು ತೆಗೆಯಿರಿ. ಬಂಡೆ ಕಂಡ ಮೇಲೂ ನೀರು ಇಳಿಸುತ್ತ ಹೋಗುವವರು ದೋಣಿ ಒಡೆದುಕೊಳ್ಳುತ್ತಾರೆ.

ಕಾರ್ಡು ಇಲ್ಲದ ಬಿನ್ ಮುಂದೆ ಹೋಗಬಾರದು, ಕೆಟ್ಟ ಪೀಸ್ ಇರುವ ಬಿನ್‌ಗೆ ಕಾರ್ಡು ಹಾಕಬಾರದು. ಈ ಎರಡು ಕಟ್ಟುಪಾಡು ಸಡಿಲವಾದರೆ ಕಾರ್ಡು ಬರೀ ರಟ್ಟಿನ ತುಂಡು.

ಟ್ಯಾಕ್ಟ್ ಸಮಯ, ಸೈಕಲ್ ಸಮಯ ಎರಡೂ ಒಂದೇ ಅಲ್ಲವೇ?

ಅಲ್ಲ. ಸೈಕಲ್ ಸಮಯ ನಿಮ್ಮ ಯಂತ್ರದ್ದು, ಟ್ಯಾಕ್ಟ್ ಗಿರಾಕಿಯದ್ದು. ಎರಡು ಪಾಳಿಯಲ್ಲಿ ಊಟ, ಚಹಾ ಕಳೆದು 880 ನಿಮಿಷ ಸಿಗುತ್ತದೆ, ಗಿರಾಕಿಗೆ 400 ಪೀಸ್ ಬೇಕು ಎಂದಾದರೆ 132 ಸೆಕೆಂಡಿಗೊಂದು ಪೀಸ್ ಹೊರಬರಬೇಕು. ನಿಮ್ಮ ಯಂತ್ರ 95 ಸೆಕೆಂಡಿಗೆ ಮಾಡುತ್ತದೆ ಎಂದು ಓಡಿಸುತ್ತಲೇ ಇದ್ದರೆ ಸಂಜೆಗೆ ಯಾರೂ ಕೇಳದ ರಾಶಿ ಬೀಳುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಮಾಡುವುದೇ ಏಳು ಬಗೆಯ ನಷ್ಟಗಳಲ್ಲಿ ಅತಿ ಕೆಟ್ಟದ್ದು ಎಂದು ಓನೋ ಹೇಳುತ್ತಿದ್ದರು, ಏಕೆಂದರೆ ಉಳಿದ ನಷ್ಟಗಳೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತವೆ.

ನಮ್ಮಲ್ಲಿ ಒಂದು ಬಗೆಯ ಪೀಸ್‌ನಿಂದ ಇನ್ನೊಂದಕ್ಕೆ ಯಂತ್ರದ ಸೆಟ್ಟಿಂಗ್ ಬದಲಿಸಲು ಎರಡು ಗಂಟೆ ಬೇಕು. ಅದಕ್ಕೇ ಒಂದೇ ಸಲ ಎರಡು ಸಾವಿರ ಪೀಸ್ ಹೊಡೆಯುತ್ತೇವೆ. ತಪ್ಪೇ?

ಎರಡು ಗಂಟೆಯ ಸೆಟ್ಟಿಂಗ್ ಇರುವವರೆಗೆ ನಿಮ್ಮ ಲೆಕ್ಕ ಸರಿ. ಆದ್ದರಿಂದ ಆ ಎರಡು ಗಂಟೆಯನ್ನೇ ಮುರಿಯಬೇಕು.

ಟೊಯೋಟಾದಲ್ಲಿ ಒಂದು ಸಾವಿರ ಟನ್ನಿನ ಪ್ರೆಸ್‌ನ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಶಿಗೇಯೋ ಶಿಂಗೋ ಎಂಬ ಎಂಜಿನಿಯರ್ ಅಲ್ಲಿನವರ ಜೊತೆ ಕುಳಿತು ಮೊದಲು ಅದನ್ನು ಒಂದೂವರೆ ಗಂಟೆಗೆ ಇಳಿಸಿದರು. ಮೂರು ನಿಮಿಷಕ್ಕೆ ಇಳಿಸಿ ಎಂದು ಆಡಳಿತ ಕೇಳಿತು. ಅದೂ ಆಯಿತು. ಅವರು ಮಾಡಿದ ಮುಖ್ಯ ಕೆಲಸ ಬೇರ್ಪಡಿಸುವುದು: ಯಂತ್ರ ನಿಂತಾಗ ಮಾತ್ರ ಮಾಡಬಹುದಾದದ್ದು ಯಾವುದು, ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು?

ಲಗ್ಗೆರೆ ಕಡೆಯ ಒಂದು ಶೆಡ್ಡಿನಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನ ಸೆಟ್ಟಿಂಗನ್ನು ಸೆಟ್ಟರ್‌ನ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಎರಡು ಗಂಟೆ ಹತ್ತು ನಿಮಿಷ. ಸಂಜೆ ಎಲ್ಲರೂ ಕುಳಿತು ನೋಡಿದಾಗ ಸೆಟ್ಟರ್ ತಾನೇ ಮೊದಲು ಮಾತನಾಡಿದರು: "ಇದರಲ್ಲಿ ನಾನು ಯಂತ್ರ ಮುಟ್ಟಿದ್ದು ಅರ್ಧ ಗಂಟೆಯೂ ಇಲ್ಲವಲ್ಲ, ಸರ್." ಅಲೆನ್ ಕೀ ಹುಡುಕಲು ಹೋಗಿದ್ದರು, ಪೀಸ್ ಹಿಡಿದುಕೊಳ್ಳುವ ಸಾಫ್ಟ್ ಜಾ ಪಕ್ಕದ ಯಂತ್ರದಲ್ಲಿತ್ತು, ಡ್ರಾಯಿಂಗ್ ಕಚೇರಿಯ ಬೀರುವಿನಲ್ಲಿತ್ತು, ಮೊದಲ ಪೀಸ್ ತಪಾಸಣೆಗೆ ಇಪ್ಪತ್ತೈದು ನಿಮಿಷ ಕಾದರು. ಎಲ್ಲವನ್ನೂ ಮೊದಲೇ ಜೋಡಿಸಿಡುವ ಒಂದು ಟ್ರಾಲಿ ಮಾಡಿದೆವು, ಮೊದಲ ಪೀಸ್‌ಗೆ ತಪಾಸಣೆಯಲ್ಲಿ ಸರದಿ ಇಲ್ಲ ಎಂದು ನಿಯಮ ಮಾಡಿದೆವು. ಆರು ವಾರದಲ್ಲಿ 48 ನಿಮಿಷಕ್ಕೆ ಬಂತು. ಎರಡು ಸಾವಿರದ ಜಾಗದಲ್ಲಿ ಎಂಟುನೂರು ಹೊಡೆದರೂ ಈಗ ಅವರಿಗೆ ನಷ್ಟವಿಲ್ಲ. ಚಿತ್ರೀಕರಣವನ್ನು ಮಾಲೀಕರು ಸೆಟ್ಟರ್‌ನನ್ನು ಬೈಯಲು ಬಳಸಿದ್ದರೆ ಅದೇ ಕೊನೆಯ ಚಿತ್ರೀಕರಣವಾಗುತ್ತಿತ್ತು.

ಗಿರಾಕಿ ಕಂಪನಿ ಜಸ್ಟ್ ಇನ್ ಟೈಂ ಎಂದು ದಿನಕ್ಕೆ ಎರಡು ಸಲ ಮಾಲು ಕೇಳುತ್ತಿದೆ. ತಪ್ಪಿದರೆ ದಂಡ. ನಮ್ಮ ಗೋಡೌನ್ ತುಂಬಿ ತುಳುಕುತ್ತಿದೆ. ಇದು ಲೀನ್ ಆಯಿತೇ?

ಆಗಲಿಲ್ಲ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇಲಿನವರು ಸ್ಟಾಕ್ ಬೇಡ ಎಂದರೆ ಸ್ಟಾಕ್ ಕರಗುವುದಿಲ್ಲ, ಕೆಳಗಿನವನ ಗೋಡೌನಿಗೆ ಇಳಿಯುತ್ತದೆ. ಅವನು ಅದನ್ನು ತನಗಿಂತ ಸಣ್ಣವನ ಮೇಲೆ ಹೊರಿಸುತ್ತಾನೆ. ಕೊನೆಗೆ ಅದು ಶೇಕಡಾ ಹನ್ನೆರಡರ ಬಡ್ಡಿಗೆ ಓವರ್‌ಡ್ರಾಫ್ಟ್ ತೆಗೆದವನ ಶೆಡ್ಡಿನಲ್ಲಿ ಕೂರುತ್ತದೆ. ಇಡೀ ಸರಪಳಿಯ ವೆಚ್ಚ ಇಳಿಯುವ ಬದಲು ಏರುತ್ತದೆ, ಏಕೆಂದರೆ ಎಲ್ಲರಿಗಿಂತ ದುಬಾರಿ ಸಾಲ ಪಡೆಯುವವನೇ ಈಗ ಸ್ಟಾಕ್ ಹೊತ್ತಿದ್ದಾನೆ.

ಟೊಯೋಟಾದಲ್ಲಿ ಜಸ್ಟ್ ಇನ್ ಟೈಂ ನಡೆಯಲು ಇನ್ನೊಂದು ಅಂಗ ಬೇಕೇ ಬೇಕು. ಅದರ ಹೆಸರು ಹೈಜುಂಕಾ, ಬೇಡಿಕೆಯನ್ನು ಸಮತಟ್ಟು ಮಾಡುವುದು. ಸೋಮವಾರ ಎಲ್ಲ ಒಂದೇ ಮಾದರಿ, ಮಂಗಳವಾರ ಎಲ್ಲ ಇನ್ನೊಂದು ಎಂದು ಮಾಡದೆ, ದಿನವೂ ಎಲ್ಲ ಮಾದರಿಗಳನ್ನು ಬೆರೆಸಿ ಕಾರು ಕಟ್ಟುತ್ತಾರೆ. ಆಗ ಬಿಡಿಭಾಗ ಕೊಡುವವನಿಗೂ ದಿನದ ಬೇಡಿಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ತಿಂಗಳ ಕೊನೆಯ ವಾರದಲ್ಲಿ ಮೂರು ವಾರದ ಮಾಲನ್ನು ಒಟ್ಟಿಗೆ ಕೇಳಿ, ಅದನ್ನು ಜಸ್ಟ್ ಇನ್ ಟೈಂ ಎನ್ನುವ ಕಂಪನಿ ಅರ್ಧ ಪಾಠವನ್ನಷ್ಟೇ ಓದಿದೆ.

ಜೊತೆಗೆ ದೂರದ ಪ್ರಶ್ನೆ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯ ಪಕ್ಕದಲ್ಲೇ ಪೂರೈಕೆದಾರರ ಟೆಕ್ನೋ ಪಾರ್ಕ್ ಇದೆ. ನಮ್ಮ ತುಮಕೂರು ರಸ್ತೆಯ ಮೇಲ್ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದರು, ಸುಮಾರು ಎರಡೂವರೆ ವರ್ಷ ಭಾರಿ ವಾಹನಗಳನ್ನು ಮೇಲೆ ಬಿಡಲಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಟೆಂಪೋ ನಿಂತಿರುವಾಗ ಗಂಟೆಗಳ ಲೆಕ್ಕದ ಪೂರೈಕೆ ಹೇಗೆ ಸಾಧ್ಯ? ರಸ್ತೆ ಎಷ್ಟು ಅನಿಶ್ಚಿತವೋ ಅಷ್ಟು ಸ್ಟಾಕ್ ಇಟ್ಟುಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎಷ್ಟು, ಏಕೆ ಎಂದು ಬರೆದಿಡಿ.

ಅಂದರೆ ಟೊಯೋಟಾ ಕೂಡ ಸ್ಟಾಕ್ ಇಡುತ್ತದೆಯೇ?

ಇಡುತ್ತದೆ. 1997ರ ಫೆಬ್ರವರಿ 1ರಂದು ಕರಿಯಾ ಎಂಬ ಊರಿನಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಬಹುತೇಕ ಅಲ್ಲಿಂದಲೇ ಬರುತ್ತಿತ್ತು. ಜಪಾನಿನಲ್ಲಿ ಟೊಯೋಟಾದ ಉತ್ಪಾದನೆ ನಿಂತಿತು. ಆಮೇಲೆ ನಡೆದದ್ದು ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮೆಚ್ಚಿನ ಭಾಗ. ಹತ್ತಾರು ಕಂಪನಿಗಳು ಐಸಿನ್‌ನ ಡ್ರಾಯಿಂಗ್ ಪಡೆದು, ತಮ್ಮ ತಮ್ಮ ಯಂತ್ರಗಳಲ್ಲಿ ಆ ವಾಲ್ವ್ ಮಾಡಲು ಇಳಿದವು. ಬೆಲೆ ಎಷ್ಟು ಎಂದು ಮೊದಲು ಮಾತಾಡಿಕೊಳ್ಳಲಿಲ್ಲ. ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ ಕೈಹಾಕಿತು. ಕೆಲವೇ ದಿನಗಳಲ್ಲಿ ಕಾರ್ಖಾನೆಗಳು ಮತ್ತೆ ನಡೆದವು. ವರ್ಷಗಟ್ಟಲೆ ಪೂರೈಕೆದಾರರ ಜೊತೆ ಉಳಿಸಿಕೊಂಡ ನಂಬಿಕೆ ಆ ವಾರ ಕೆಲಸಕ್ಕೆ ಬಂತು.

2011ರ ಭೂಕಂಪ ಮತ್ತು ಸುನಾಮಿಯ ನಂತರ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೂರೈಕೆದಾರರ ಪೂರೈಕೆದಾರರು ಯಾರು ಎಂದು ಬೇರಿನವರೆಗೆ ಪಟ್ಟಿ ಮಾಡಿದರು. ಮತ್ತೆ ಶುರುವಾಗಲು ತಿಂಗಳುಗಳು ಹಿಡಿಯುವ ಚಿಪ್‌ನಂಥ ವಸ್ತುಗಳನ್ನು ಎರಡರಿಂದ ಆರು ತಿಂಗಳಿಗೆ ಸಾಲುವಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿದರು. 2021ರ ಚಿಪ್ ಬರದಲ್ಲಿ ಬೇರೆ ಕಂಪನಿಗಳು ಮೊದಲೇ ಮುಗ್ಗರಿಸಿದಾಗ ಟೊಯೋಟಾ ಕೆಲವು ತಿಂಗಳು ನಿಭಾಯಿಸಿತು. ಆ ಸೆಪ್ಟೆಂಬರಿನಲ್ಲಿ ಅದೂ ತನ್ನ ಜಾಗತಿಕ ಉತ್ಪಾದನಾ ಯೋಜನೆಯನ್ನು ಶೇಕಡಾ 40ರಷ್ಟು ಕಡಿತ ಮಾಡಬೇಕಾಯಿತು. ಸ್ಟಾಕ್ ಶೂನ್ಯವಾಗಲಿ ಎಂಬುದು ಅವರ ಗುರಿಯಾಗಿರಲಿಲ್ಲ. ಕಾರಣ ತಿಳಿಯದ ಸ್ಟಾಕ್ ಇರಬಾರದು ಎಂಬುದು ಗುರಿ.

ಟೊಯೋಟಾದ ವ್ಯವಹಾರ ತಂತ್ರವೇನು? ಬರೀ ಕಾರ್ಖಾನೆ ಚೆನ್ನಾಗಿದ್ದರೆ ಇಷ್ಟು ದೊಡ್ಡದಾಗಲು ಸಾಧ್ಯವೇ?

ಅವರಲ್ಲಿ ಕಾರ್ಖಾನೆ ಮತ್ತು ತಂತ್ರ ಬೇರೆ ಬೇರೆಯಾಗಿಲ್ಲ. ಬೆಲೆಯ ಲೆಕ್ಕವನ್ನೇ ನೋಡಿ. ಸಾಮಾನ್ಯವಾಗಿ ನಾವು ಖರ್ಚಿಗೆ ಲಾಭ ಸೇರಿಸಿ ದರ ಹೇಳುತ್ತೇವೆ. ಅವರು ಕಾರಿನ ಬೆಲೆಯನ್ನು ಮಾರುಕಟ್ಟೆ ನಿರ್ಧರಿಸುತ್ತದೆ ಎಂದು ಒಪ್ಪಿಕೊಂಡು, ಅದರಿಂದ ಬೇಕಾದ ಲಾಭ ಕಳೆದು, ಉಳಿದಷ್ಟರಲ್ಲಿ ಕಾರು ಮಾಡುವುದು ಹೇಗೆ ಎಂದು ವಿನ್ಯಾಸದ ಮೇಜಿನಲ್ಲೇ ಕೇಳುತ್ತಾರೆ. ಪೂರೈಕೆದಾರರಿಗೂ ದರ ಇಳಿಸಲು ಹೇಳುತ್ತಾರೆ, ಒತ್ತಡ ಹಾಕುತ್ತಾರೆ. ಆದರೆ ಇಳಿಸುವುದು ಹೇಗೆಂದು ತೋರಿಸಲು ಎಂಜಿನಿಯರುಗಳನ್ನೂ ಕಳಿಸುತ್ತಾರೆ. ಅದಕ್ಕೆಂದೇ ಓನೋ 1970ರ ಸುಮಾರಿಗೆ ಪ್ರತ್ಯೇಕ ವಿಭಾಗ ಕಟ್ಟಿದ್ದರು. ದರ ಇಳಿಸಿ ಎಂಬ ಇಮೇಲ್ ಮಾತ್ರ ಬರುವ ಕಂಪನಿಗೆ ನೀವು ಮಾಲು ಕೊಡುತ್ತಿದ್ದರೆ, ಮುಂದಿನ ಸಭೆಯಲ್ಲಿ ಒಬ್ಬ ಎಂಜಿನಿಯರ್‌ನನ್ನು ಒಂದು ವಾರ ಕಳಿಸಿಕೊಡಿ ಎಂದು ಕೇಳಿ ನೋಡಿ.

ಎರಡನೆಯದು ನಿಧಾನ. 1997ರಲ್ಲಿ ಪ್ರಿಯಸ್ ಹೈಬ್ರಿಡ್ ಕಾರು ಬಂದಾಗ ಅದರಿಂದ ಲಾಭ ಕಾಣುವುದು ದೂರದ ಮಾತಾಗಿತ್ತು. ವಿದ್ಯುತ್ ಕಾರುಗಳ ಓಟದಲ್ಲಿ ಟೊಯೋಟಾ ಹಿಂದೆ ಬಿದ್ದಿದೆ ಎಂದು ಜಗತ್ತೆಲ್ಲ ಟೀಕಿಸುತ್ತಿದ್ದಾಗ ಅವರು ಪೆಟ್ರೋಲ್, ಹೈಬ್ರಿಡ್, ಬ್ಯಾಟರಿ, ಹೈಡ್ರೋಜನ್ ಎಲ್ಲವನ್ನೂ ಜೊತೆಜೊತೆಗೆ ಬೆಳೆಸುತ್ತೇವೆ ಎಂದರು. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ, ಹೈಬ್ರಿಡ್ ಮಾರಾಟದ ಬಲವೂ ಸೇರಿ, 5.35 ಲಕ್ಷ ಕೋಟಿ ಯೆನ್ ಕಾರ್ಯಾಚರಣೆಯ ಲಾಭ ಮಾಡಿದರು. ಇದರಿಂದ ಅವರ ನಿರ್ಧಾರ ಪೂರ್ತಿ ಸರಿ ಎಂದು ನಾನು ಹೇಳಲಾರೆ. ಚೀನಾದಲ್ಲಿ ಅಲ್ಲಿನದೇ ವಿದ್ಯುತ್ ಕಾರುಗಳ ಮುಂದೆ ಹೊರದೇಶದ ಕಂಪನಿಗಳೆಲ್ಲ ಏದುಸಿರು ಬಿಡುತ್ತಿವೆ. ಅವರ ಮೊದಲ ದೊಡ್ಡ ಬ್ಯಾಟರಿ ಕಾರನ್ನು ಚಕ್ರದ ಬೋಲ್ಟ್ ಸಡಿಲಗೊಳ್ಳುವ ಭಯದಿಂದ 2022ರಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು.

ನಮ್ಮ ಬಿಡದಿಯಲ್ಲೂ ಆ ನಿಧಾನ ಕಾಣುತ್ತದೆ. ಕಿರ್ಲೋಸ್ಕರ್ ಜೊತೆಗಿನ ಜಂಟಿ ಕಂಪನಿ 1997ರಲ್ಲಿ ಸ್ಥಾಪನೆಯಾಯಿತು, ಕ್ವಾಲಿಸ್ 2000ದಲ್ಲಿ ರಸ್ತೆಗೆ ಬಂತು. ಚೆನ್ನಾಗಿ ಮಾರಾಟವಾಗುತ್ತಿದ್ದ ಅದನ್ನು 2005ರಲ್ಲಿ ನಿಲ್ಲಿಸಿ ಇನೋವಾ ತಂದರು. ಸಣ್ಣ ಕಾರುಗಳಲ್ಲಿ ಇಲ್ಲಿ ತಮಗೆ ಹಿಡಿತ ಸಿಗುತ್ತಿಲ್ಲ ಎಂದು ಕಂಡಾಗ ಸುಜುಕಿಯೊಂದಿಗೆ ಕೈಜೋಡಿಸಿದರು. 2022ರಿಂದ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾಗತೊಡಗಿದವು. 2023ರ ನವೆಂಬರಿನಲ್ಲಿ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿಯ ಒಪ್ಪಂದವನ್ನು ರಾಜ್ಯ ಸರ್ಕಾರದೊಂದಿಗೆ ಮಾಡಿಕೊಂಡರು. 2007ರಿಂದ ಅಲ್ಲಿ ನಡೆಯುತ್ತಿರುವ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ರಾಜ್ಯದ ಹಳ್ಳಿಗಳ ಮಕ್ಕಳು ಮೂರು ವರ್ಷ ಅಲ್ಲೇ ಉಳಿದು ಕಲಿಯುತ್ತಾರೆ. ನನ್ನ ಮಟ್ಟಿಗೆ ಕಾರುಗಳ ಸಂಖ್ಯೆಗಿಂತ ಅದೇ ದೊಡ್ಡ ಹೂಡಿಕೆ.

ಅಷ್ಟು ಒಳ್ಳೆಯ ಪದ್ಧತಿ ಇದ್ದರೂ ಟೊಯೋಟಾದಲ್ಲಿ ತಪ್ಪುಗಳು ಏಕಾದವು?

ನಿಲ್ಲಿಸುವುದನ್ನು ಮರೆತಾಗ ಆದವು. 2009 ಮತ್ತು 2010ರಲ್ಲಿ ವೇಗವರ್ಧಕ ಪೆಡಲ್‌ನ ದೋಷಕ್ಕಾಗಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 2010ರ ಫೆಬ್ರವರಿ 24ರಂದು ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಕಂಪನಿ ಜನರನ್ನು ಬೆಳೆಸುವ ವೇಗಕ್ಕಿಂತ ಹೆಚ್ಚು ವೇಗದಲ್ಲಿ ತಾನು ಬೆಳೆಯಿತು ಎಂಬುದನ್ನು ಒಪ್ಪಿಕೊಂಡರು. ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟ ಪ್ರಕರಣದಲ್ಲಿ 2014ರಲ್ಲಿ 120 ಕೋಟಿ ಡಾಲರ್ ತೆರಬೇಕಾಯಿತು.

2023ರ ಡಿಸೆಂಬರಿನದ್ದು ಇನ್ನೂ ನೋವಿನದು. ಟೊಯೋಟಾ ಪೂರ್ತಿಯಾಗಿ ಒಡೆತನ ಹೊಂದಿದ ಡೈಹಟ್ಸು ಕಂಪನಿಯಲ್ಲಿ ಸುರಕ್ಷತಾ ಪರೀಕ್ಷೆಗಳನ್ನೇ ತಿರುಚಿದ್ದರು. ಸ್ವತಂತ್ರ ಸಮಿತಿ 174 ಅಕ್ರಮಗಳನ್ನು ಪತ್ತೆ ಮಾಡಿತು. ಹೊಸ ಮಾದರಿಗಳನ್ನು ತೀರಾ ಕಡಿಮೆ ಅವಧಿಯಲ್ಲಿ ಮುಗಿಸಲೇಬೇಕೆಂಬ ಒತ್ತಡ ಅದಕ್ಕೆ ಮುಖ್ಯ ಕಾರಣ ಎಂದಿತು. ಎಳೆ ಕಡಿದರೆ ನಿಲ್ಲುವ ಮಗ್ಗ ಮಾಡಿದವರ ಮನೆತನದ ಸಮೂಹದಲ್ಲೇ, ಎಳೆ ಕಡಿದಿದೆ ಎಂದು ಹೇಳಲು ಎಂಜಿನಿಯರುಗಳಿಗೆ ಧೈರ್ಯ ಬರಲಿಲ್ಲ. ಪದ್ಧತಿಯನ್ನು ಒಂದು ಸಲ ಗಳಿಸಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇದು ಕೆಲಸಗಾರರನ್ನು ಹಿಂಡುವ ಪದ್ಧತಿ ಎನ್ನುತ್ತಾರಲ್ಲ?

ಹಾಗೆ ಬಳಸಿದರೆ ಹಾಗೇ ಆಗುತ್ತದೆ. ಬಿಡದಿಯಲ್ಲೇ 2014ರ ಮಾರ್ಚ್‌ನಲ್ಲಿ ಮತ್ತು 2020ರ ನವೆಂಬರಿನಲ್ಲಿ ಲಾಕೌಟ್ ಆಗಿತ್ತು. ಎರಡನೇ ಸಲ ಕೆಲಸದ ಹೊರೆಯ ಮಾತೇ ಮುಂದಿತ್ತು, ಕಂಪನಿಯದ್ದು ಬೇರೆ ವಾದವಾಗಿತ್ತು. ಆ ಜಗಳದ ತೀರ್ಪು ಹೇಳುವವನು ನಾನಲ್ಲ. ಆದರೆ ಪದ್ಧತಿಯ ಒಳಗೇ ಮೂರು ಪದಗಳಿವೆ: ಮುದಾ ಅಂದರೆ ವ್ಯರ್ಥ, ಮುರಾ ಅಂದರೆ ಏರುಪೇರು, ಮುರಿ ಅಂದರೆ ಶಕ್ತಿಗೆ ಮೀರಿದ ಹೊರೆ. ನಮ್ಮಲ್ಲಿ ತರಬೇತಿ ಕೊಡುವವರು ಮೊದಲನೆಯದನ್ನು ಮೂರು ದಿನ ಹೇಳಿ ಮೂರನೆಯದನ್ನು ಮೂರು ನಿಮಿಷದಲ್ಲಿ ಮುಗಿಸುತ್ತಾರೆ. ದಿನವಿಡೀ ಬಗ್ಗಿ ಎತ್ತುವವನ ಬೆನ್ನುನೋವು ಕೂಡ ಕಾರ್ಖಾನೆಯ ದೋಷಗಳ ಪಟ್ಟಿಯಲ್ಲಿ ಬರಬೇಕು.

ಜನರಲ್ಲೇ ದೋಷ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನೆನಪಿಸುತ್ತೇನೆ. ಜನರಲ್ ಮೋಟಾರ್ಸ್ ಕಂಪನಿಯ ಆ ಕಾರ್ಖಾನೆ ಗೈರುಹಾಜರಿಗೆ, ಜಗಳಕ್ಕೆ, ಕೆಟ್ಟ ಕಾರುಗಳಿಗೆ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದಾಗ ಬಂದವರಲ್ಲಿ ಹೆಚ್ಚಿನವರು ಅದೇ ಹಳೆಯ ಕೆಲಸಗಾರರು, ಅದೇ ಯೂನಿಯನ್. ಕಾರುಗಳು ಮಾತ್ರ ಸ್ವಲ್ಪ ಕಾಲದಲ್ಲೇ ಜಪಾನಿನ ಗುಣಮಟ್ಟಕ್ಕೆ ಬಂದವು. ಬದಲಾಗಿದ್ದು ಏನೆಂದರೆ, ತಲೆಯ ಮೇಲೊಂದು ಹಗ್ಗ ಇತ್ತು. ತಪ್ಪು ಕಂಡವರು ಎಳೆಯಬಹುದಿತ್ತು. ಎಳೆದಾಗ ತಂಡದ ಮುಖಂಡ ಸಹಾಯಕ್ಕೆ ಓಡಿ ಬರುತ್ತಿದ್ದ.

ಐದು ಎಸ್ (ಕೆಲಸದ ಜಾಗವನ್ನು ಒಪ್ಪವಾಗಿ, ಶುಚಿಯಾಗಿ ಇಡುವ ಐದು ಹೆಜ್ಜೆ) ಮಾಡಿ, ಹಳದಿ ಗೆರೆ ಎಳೆದು, ಬೋರ್ಡು ಹಾಕಿದ್ದೇವೆ. ಸಾಕೇ?

ಆಯುಧಪೂಜೆಯ ಹಿಂದಿನ ದಿನ ನಮ್ಮ ಪ್ರತಿಯೊಂದು ಶೆಡ್ಡೂ ಹೊಳೆಯುತ್ತದೆ. ಯಂತ್ರ ತೊಳೆಯುವಾಗ ಎಣ್ಣೆ ಸೋರುವ ಜಾಗ, ಬಿರುಕು ಬಿಟ್ಟ ಗಾರ್ಡ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅಂಥ ನೋಟ ವಾರಕ್ಕೊಮ್ಮೆ ಇರಲಿ. ಗೆರೆ ಆಮೇಲೆ ಎಳೆಯಿರಿ.

ಸಾಫ್ಟ್‌ವೇರ್ ಕೊಳ್ಳಬೇಕೇ?

ಮೊದಲ ವರ್ಷ ಬೇಡ. ಬಿಳಿ ಹಲಗೆ, ಪೆನ್ನು, ಗಂಟೆಗೊಮ್ಮೆ ಬರೆಯುವ ಅಭ್ಯಾಸ ಸಾಕು.

ಸರ್ಕಾರದಿಂದ ಸಹಾಯ ಇದೆಯೇ?

ಕೇಂದ್ರ ಸರ್ಕಾರದ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಸಚಿವಾಲಯ 2023ರ ಮಾರ್ಚ್‌ನಲ್ಲಿ ಹೊಸ ರೂಪದ ಲೀನ್ ಯೋಜನೆಯನ್ನು ಆರಂಭಿಸಿತು. ಮೂರು ಹಂತಗಳಿವೆ, ಸಲಹೆಗಾರರ ವೆಚ್ಚದ ಶೇಕಡಾ 90ರಷ್ಟನ್ನು ಸರ್ಕಾರ ಭರಿಸುತ್ತದೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಬೇಕು. ಬರುವ ಸಲಹೆಗಾರರು ಕಚೇರಿಯಲ್ಲೇ ಕುಳಿತು ವರದಿ ಬರೆದರೆ ಎಬ್ಬಿಸಿ ಯಂತ್ರದ ಬಳಿ ಕರೆದುಕೊಂಡು ಹೋಗಿ.

ಇನ್ನೊಂದನ್ನೂ ಸೇರಿಸುತ್ತೇನೆ. ಆರ್ಡರ್‌ನಿಂದ ಹಣದವರೆಗಿನ ಕಾಲ ಎಂದೆನಲ್ಲ, ನಮ್ಮಲ್ಲಿ ಅದರ ಅತಿ ಉದ್ದದ ತುಂಡು ಬಿಲ್ಲು ಕಳಿಸಿದ ಮೇಲಿನದ್ದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಗಿರಾಕಿ ಕೈಬಿಟ್ಟಾರು ಎಂಬ ಭಯದಿಂದ ಇದನ್ನು ಕೇಳುವವರು ಕಡಿಮೆ. ಆ ಭಯ ನನಗೂ ಅರ್ಥವಾಗುತ್ತದೆ. ಕನಿಷ್ಠ ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಮತ್ತು ಹಣ ಬರಬೇಕಾದ ದಿನಾಂಕವನ್ನು ಅಚ್ಚು ಹಾಕಿಸಿ.

ನಾನು ಹೆಲ್ಪರ್. ಪೀಸ್ ಕೆಟ್ಟು ಬರುತ್ತಿರುವುದು ಕಂಡರೂ ಯಂತ್ರ ನಿಲ್ಲಿಸಲು ಭಯ. ಏನು ಮಾಡಲಿ?

ನಿಮ್ಮ ವಯಸ್ಸಿನಲ್ಲಿ ನಾನೂ ಸುಮ್ಮನಿದ್ದೆ. ರಾತ್ರಿ ಪಾಳಿಯಲ್ಲಿ ಪೀಸ್‌ನ ಬೋರ್ (ಒಳಗಿನ ರಂಧ್ರ) ದೊಡ್ಡದಾಗುತ್ತಿದೆ ಎಂದು ಬೆರಳಿಗೇ ಗೊತ್ತಾಗಿತ್ತು. ಹಿಂದಿನ ವಾರ ಯಂತ್ರ ನಿಲ್ಲಿಸಿದವನಿಗೆ ಎಲ್ಲರೆದುರು ಬೈಗುಳ ಬಿದ್ದಿತ್ತು, ಅದಕ್ಕೇ ನಿಲ್ಲಿಸಲಿಲ್ಲ. ಬೆಳಿಗ್ಗೆ 600 ಪೀಸ್ ಗುಜರಿಗೆ ಹೋದವು. ಏಕೆ ಎಂದು ಐದು ಸಲ ಕೇಳಿದ್ದರೆ ಲೋಹ ಕೊರೆಯುವ ಇನ್ಸರ್ಟ್ ಸವೆದದ್ದು, ಅದನ್ನು ಬದಲಿಸುವ ಸಂಖ್ಯೆ ಎಲ್ಲೂ ಬರೆದಿಲ್ಲದ್ದು, ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ರಾತ್ರಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದು, ಕೊನೆಗೆ ಆ ಬೈಗುಳ, ಎಲ್ಲವೂ ಹೊರಬರುತ್ತಿದ್ದವು. ಯಾರೂ ಒಂದು ಸಲಕ್ಕಿಂತ ಹೆಚ್ಚು ಕೇಳಲಿಲ್ಲ. ನನ್ನ ಸಂಬಳದಲ್ಲಿ ಹಿಡಿದುಕೊಂಡರು.

ಒಬ್ಬರೇ ಧೈರ್ಯ ಮಾಡಿ ಎಂದು ನಿಮಗೆ ಹೇಳುವುದು ನ್ಯಾಯವಲ್ಲ. ಇದು ಮಾಲೀಕರು ಮಾಡಬೇಕಾದ ಕೆಲಸ, ಆದ್ದರಿಂದ ಈ ಉತ್ತರವನ್ನು ಅವರಿಗೂ ತೋರಿಸಿ. ನೀವು ಇಷ್ಟು ಮಾಡಬಹುದು: ಅನುಮಾನ ಬಂದ ಪೀಸನ್ನು ಕೆಂಪು ಬಣ್ಣದ ಬಿನ್ನಿಗೆ ಹಾಕಿ, ಸಮಯ ಬರೆದು, ಸೆಟ್ಟರ್‌ನನ್ನು ಕರೆಯಿರಿ. ಕೆಂಪು ಬಿನ್ ಇಲ್ಲದಿದ್ದರೆ ಕೇಳಿ. ಮಾಲೀಕರೇ, ನೀವು ಓದುತ್ತಿದ್ದರೆ, ನಾಳೆ ಮೊದಲ ಸಲ ಯಾರಾದರೂ ಯಂತ್ರ ನಿಲ್ಲಿಸಿದಾಗ ನೀವೇ ಅಲ್ಲಿಗೆ ನಡೆದು ಹೋಗಿ. ಅವರು ಹೇಳಿದ್ದು ತಪ್ಪೇ ಆಗಿರಲಿ, "ಕರೆದದ್ದು ಒಳ್ಳೆಯದಾಯಿತು" ಎಂದು ಉಳಿದವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ. ಆಮೇಲೆ ಪ್ಲಗ್ ಗೇಜ್ ಇರುವ ಬೀರುವಿನ ಬೀಗ ತೆಗೆಸಿ.